ನೀರು ಕುಡಿಯದ ಹಗ್ಗ

ಮಾನ್ವಿಯ ನಮ್ಮ ಶಾಲೆಯಲ್ಲಿ ಆ ವರ್ಷ ಪಿಕ್ನಿಕ್ ಎಲ್ಲಿಗೆ ಎಂಬ ಮಾತು ಬಂದಾಗ ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ. ಪಿಕ್ನಿಕ್ ಎಂದರೆ ನನಗೆ ಮೊದಲಿನಿಂದಲೂ ಸುಸ್ತು. ಮಕ್ಕಳನ್ನು ಬಸ್ಸಿಗೆ ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿಕೊಂಡವರ ಬೆನ್ನು ಸವರುವುದು, ಇದರಲ್ಲೇ ದಿನ ಮುಗಿಯುತ್ತದೆ. ಈ ಸಲ ಮಕ್ಕಳಿಲ್ಲ, ಬರೀ ಮೇಷ್ಟ್ರು ಟೀಚರುಗಳು ಎಂದರು. ಹಾಗಾದರೆ ಇನ್ನೂ ಸುಸ್ತು ಎಂದುಕೊಂಡೆ. ಮಕ್ಕಳಿಗಾದರೆ ಸುಮ್ಮನೆ ಕೂತಿರಿ ಎಂದು ಗದರಬಹುದು.

ನನ್ನ ಪಕ್ಕದ ಕುರ್ಚಿಯ ಗಣಿತದ ಟೀಚರು ಉತ್ಸಾಹದ ಹೆಂಗಸು. ಅವರೇ ಜಾಗ ಹುಡುಕಿದ್ದರು.

"ದೇವದುರ್ಗದ ಕಡಿ ಹೊಳ್ಯಾಗ ಹಗ್ಗದ ಸೇತುವೆ ಅದಂತರಿ. ಮೀನು ಹಿಡಿಯೋರು ಕಟ್ಟಿದ್ದಂತ. ಐತ್ವಾರ ಬಂತಂದ್ರ ರಾಯಚೂರಿಂದ ಮಂದಿ ಗಾಡಿ ಮಾಡಿಕೊಂಡು ಬರಾಕತ್ತಾರಂತ. ನೀವು ಆ ಕಡ್ಯಾವ್ರೇ ಅಲ್ಲೇನ್ರಿ, ನೋಡೀರೇನು?"

"ನೋಡೀನ್ರಿ," ಎಂದು ಮತ್ತೆ ಪೇಪರಿಗೆ ಬಿದ್ದೆ.

ಆ ಹಗ್ಗದ ಗಂಟಿಗೆ ವರ್ಷಗಟ್ಟಲೆ ಬೆಳಿಗ್ಗೆ ಎದ್ದು ನೀರು ಹಾಕಿದವಳು ನಾನು, ಈಗ ಅದರ ಬುಡದಲ್ಲಿ ಕೂತು ಬಂದವರನ್ನು ಒಬ್ಬೊಬ್ಬರಾಗಿ ದಾಟಲು ಬಿಡುವ ಕಣ್ಣಿಲ್ಲದ ಮನುಷ್ಯ ನಮ್ಮಪ್ಪ ಎಂದು ಹೇಳಲಿಲ್ಲ. ಹೇಳಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ. ಆದರೆ ಒಂದು ಮಾತು ಹೇಳಿದರೆ ಅದರ ಹಿಂದಿನದೂ ಹೇಳಬೇಕಾಗುತ್ತದೆ. ಅಪ್ಪ ಆ ಹಗ್ಗದಿಂದ ಬಿದ್ದದ್ದು ನನ್ನ ಕೈಯಿಂದ ಎಂಬುದನ್ನು ಆರೇಳು ವರ್ಷವಾದರೂ ನಾನು ಅಪ್ಪನಿಗೇ ಹೇಳಿರಲಿಲ್ಲ. ಇನ್ನು ಗಣಿತದ ಟೀಚರಿಗೆ ಏನು ಹೇಳಲಿ.

ನಮ್ಮ ಕೇರಿ ಕೃಷ್ಣೆಯ ದಂಡೆಗೆ ಇತ್ತು. ಹತ್ತು ಹನ್ನೆರಡು ಮನೆ, ಎಲ್ಲರದೂ ಮೀನು ಹಿಡಿಯುವ ಕಸುಬು. ಅಲ್ಲಿ ಹೊಳೆ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತದೆ. ನಮ್ಮ ದಂಡೆಗೂ ನಡುಹೊಳೆಯ ಒಂದು ದೊಡ್ಡ ಬಂಡೆಗೂ ಮಧ್ಯೆ ಕಿರಿದಾದ, ಆಳವಾದ ಸೀಳು. ಆ ರಭಸಕ್ಕೆ ಹರಿಗೋಲು ಇಳಿಸಿದರೆ ಬಂಡೆಗೆ ಬಡಿದು ಒಡೆಯುತ್ತಿತ್ತು. ಆದರೆ ದೊಡ್ಡ ಬಂಡೆಯ ಆಚೆ ಮಗ್ಗುಲಲ್ಲಿ ನೀರು ಸುಮ್ಮನಾಗುತ್ತದೆ, ಮೀನು ಅಲ್ಲೇ ಬಂದು ನಿಲ್ಲುತ್ತವೆ. ಹಾಗಾಗಿ ನಮ್ಮ ಹಿರಿಯರು ಹಗ್ಗ ಕಟ್ಟಿದರು. ಕಾಲಿಗೆ ಒಂದು ಹಗ್ಗ, ಕೈಗೆ ಎರಡು. ಅಷ್ಟೇ ಸೇತುವೆ. ನಾವು ಅದನ್ನು ಸೇತುವೆ ಎಂದು ಕರೆದದ್ದೇ ಇಲ್ಲ. ಸೇತುವೆ ಎಂದದ್ದು ಆಮೇಲೆ ನೋಡಲು ಬಂದವರು.

ಮಸರಕಲ್ ಕಡೆಯ ರೈತರಿಂದ ಪುಂಡಿ ನಾರು ತರುತ್ತಿದ್ದರು. ಪುಂಡಿಯ ಎಲೆ ಪಲ್ಯಕ್ಕೆ, ದಂಟಿನ ನಾರು ಹಗ್ಗಕ್ಕೆ. ಕೇರಿಯ ಗಂಡಸರೆಲ್ಲ ಕೂತು ಹೊಸೆಯುತ್ತಿದ್ದರು. ಮಳೆಗಾಲದ ಹೊಳೆ ಬರುವ ಮೊದಲು ಹಗ್ಗ ಬಿಚ್ಚುವುದು, ದೀಪಾವಳಿಯ ಹೊತ್ತಿಗೆ ಹೊಳೆ ಇಳಿದ ಮೇಲೆ ಹೊಸದು ಕಟ್ಟುವುದು. ಕಟ್ಟಿದ ದಿನ ಪ್ರತಿ ಮನೆಯಿಂದ ಒಬ್ಬ ಗಂಡಸು ಎಲ್ಲರ ಕಣ್ಣೆದುರು ದಾಟಿ, ಬಂಡೆಯ ಮೇಲೆ ತನ್ನ ಮನೆಯ ಬಲೆ ಕಟ್ಟುವ ಜಾಗದಲ್ಲಿ ನಿಂತು ಕೂಗಬೇಕು. ಕೂಗಿದವನದು ಆ ವರ್ಷದ ಜಾಗ. ದಾಟಲಾರದವನ ಜಾಗ ಬೇರೆ ಮನೆಗೆ ಹೋಗುತ್ತಿತ್ತು. ಅದರಲ್ಲಿ ಜಗಳವಿಲ್ಲ, ಕರುಣೆಯೂ ಇಲ್ಲ.

ಹೆಣ್ಣುಮಕ್ಕಳ ಪಾಲಿಗೆ ಇದ್ದದ್ದು ನೀರು. ಪುಂಡಿಯ ಹಗ್ಗ ಒಣಗಿದರೆ ಸಡಿಲಾಗುತ್ತದೆ, ನೆನೆದರೆ ಬಿಗಿಯುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ, ಗಂಡಸರು ಹತ್ತುವ ಮೊದಲು, ದಂಡೆಯ ಗಂಟಿಗೆ ಮೂರು ಕೊಡ ನೀರು ಹಾಕಬೇಕು. ನೀರು ಗಂಟಿನಲ್ಲಿ ಇಂಗಿ, ಇಳಿಜಾರಿನಲ್ಲಿ ಹಗ್ಗದ ಉದ್ದಕ್ಕೂ ನಡುವಿನವರೆಗೆ ಇಳಿಯುತ್ತಿತ್ತು. ಇದಕ್ಕೆ ಹಗ್ಗಕ್ಕೆ ನೀರು ಕುಡಿಸುವುದು ಎನ್ನುತ್ತಿದ್ದರು. ನೆರೆಮನೆಯ ಹುಡುಗಿಯರೆಲ್ಲ ಮದುವೆಯಾಗಿ ಹೋದಮೇಲೆ ಆ ಕೆಲಸ ನನಗೊಬ್ಬಳಿಗೇ ಉಳಿಯಿತು. ಬೇಸರವೇನೂ ಇರಲಿಲ್ಲ. ಸುಳ್ಳು ಯಾಕೆ, ನನಗೆ ಅದು ಹೆಮ್ಮೆಯ ಕೆಲಸವಾಗಿತ್ತು. ಅಪ್ಪ ಹಗ್ಗದ ಮೇಲೆ ಕಾಲಿಟ್ಟು ತಂಪು ಸೋಕಿದ ಕೂಡಲೇ "ಕುಡಿಸ್ಯಾಳ ನನ್ನ ಮಗಳು" ಎಂದು ತನ್ನಷ್ಟಕ್ಕೆ ತಾನೇ ಅನ್ನುತ್ತಿದ್ದ. ನಾನು ಖಾಲಿ ಕೊಡ ಹಿಡಿದು ಅದನ್ನು ಕೇಳಲಿಕ್ಕೆಂದೇ ನಿಲ್ಲುತ್ತಿದ್ದೆ.

ಅಪ್ಪನ ಕಣ್ಣು ಮಂದವಾಗತೊಡಗಿದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಮೊದಲು ಅಂಚಿನಿಂದ ಕತ್ತಲಾಯಿತು, ಆಮೇಲೆ ನಡುವಿಗೂ ಬಂತು. ಮನೆಯಲ್ಲಿ ಮೂವರಿಗೇ ಗೊತ್ತು. ಹೊರಗೆ ಹೇಳುವಂತಿರಲಿಲ್ಲ, ಹೇಳಿದರೆ ಜಾಗ ಹೋಗುತ್ತದೆ. ಅಪ್ಪನಿಗೆ ಗಂಡುಮಕ್ಕಳಿಲ್ಲ. ಹೆಣ್ಣುಮಕ್ಕಳು ನೀರು ಹಾಕಬಹುದು, ಕೂಗುವಂತಿಲ್ಲ. ಹಾಗಾಗಿ ಅಪ್ಪ ಕಣ್ಣಿನ ಬದಲು ಕಾಲಿನಿಂದ ನೋಡಲು ಕಲಿತ. ಅವ್ವ ದಂಡೆಯಲ್ಲಿ ಕೂತು ಕೈಹಗ್ಗದ ಮೇಲೆ ಅಂಗೈ ಇಟ್ಟುಕೊಂಡಿರುತ್ತಿದ್ದಳು. ಹಗ್ಗದ ನಡುಕದಿಂದ ಅಪ್ಪ ಎಲ್ಲಿದ್ದಾನೆ ಎಂದು ಅವಳಿಗೆ ತಿಳಿಯುತ್ತಿತ್ತು. ಎದುರಿನಿಂದ ಯಾರಾದರೂ ಬಂದರೆ ಒಂದು ಸಲ ಬಡಿಯುತ್ತಿದ್ದಳು, ಅಪ್ಪ ನಿಲ್ಲುತ್ತಿದ್ದ. ದಾರಿ ಖಾಲಿಯಾದರೆ ಎರಡು ಸಲ. ನೋಡಿದವರು ಗಂಡನ ಮೇಲೆ ಎಷ್ಟು ಜೀವ ಎಂದು ನಗುತ್ತಿದ್ದರು. ಅವ್ವ ಆ ನಗುವನ್ನು ಹಾಗೇ ಇರಲಿ ಎಂದು ಬಿಟ್ಟಿದ್ದಳು. ಈ ಆಟ ನಾಲ್ಕು ವರ್ಷ ನಡೆಯಿತು. ದೀಪಾವಳಿಯ ಹೊತ್ತಿಗೆ ಅಪ್ಪ ದಾಟಿ ಕೂಗಿದ ಮೇಲೆ ಅವ್ವ ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದಳು. ಜ್ವರ ಬಿಟ್ಟ ಮೇಲೆ ಬರುವ ನಿದ್ದೆಯ ಹಾಗೆ ಇರುತ್ತಿತ್ತು ಅದು.

ನೋಡುವವರು ಮೊದಲು ಬಂದದ್ದು ಒಂದು ಸಂಕ್ರಾಂತಿಗೆ. ಸಂಕ್ರಾಂತಿಯ ದಿನ ಹೊಳೆಯಲ್ಲಿ ಮಿಂದು, ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೋಗುವುದು ನಮ್ಮ ಕಡೆ ಮೊದಲಿನಿಂದಲೂ ಇದ್ದದ್ದೇ. ಆ ವರ್ಷ ಯಾರೋ ರಾಯಚೂರಿನವರು ಊಟವಾದ ಮೇಲೆ ಹಗ್ಗ ಹತ್ತಿ ನೋಡಿದರು. ಮುಂದಿನ ಐತ್ವಾರ ಅವರ ನೆಂಟರು ಬಂದರು. ದೇವಸುಗೂರಿನ ಕಡೆ ಹೊಸ ಕಾಲೊನಿಗಳು ಎದ್ದಮೇಲೆ ಎಲ್ಲೆಲ್ಲಿಯವರೋ ಬಂದರು. ಸ್ಕೂಟರು, ಜೀಪು, ಟೇಪ್ ರೆಕಾರ್ಡರು. ಹೆಂಗಸರು ನಡುವೆ ಹೋಗಿ ಕಿರುಚುವುದು, ಗಂಡಸರು ಬೇಕಂತಲೇ ಹಗ್ಗ ಅಲ್ಲಾಡಿಸುವುದು. ನಮ್ಮ ಕೇರಿಯವರಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಕಡೆಗೆ ಎರಡೂ ಸಾಕಾಗಿ ಮಿರ್ಚಿ, ಮಂಡಾಳು ಒಗ್ಗರಣೆ ಮಾಡಿ ಮಾರಲು ಕೂತರು. ಅವ್ವನೂ ಒಲೆ ಹೂಡಿದಳು.

ಅಪ್ಪನ ಪಾಡು ಬೇರೆಯಾಯಿತು. ಹಗ್ಗ ಹಗಲಿಡೀ ನಡುಗುತ್ತಿದ್ದರೆ ಅವ್ವನ ಅಂಗೈಗೆ ಏನು ತಿಳಿಯಬೇಕು. ಹಾಗಾಗಿ ಅವನು ಬೆಳಕು ಹರಿಯುವ ಹೊತ್ತಿಗೇ, ಯಾರೂ ಬರುವ ಮೊದಲೇ ದಾಟಿಬಿಡುತ್ತಿದ್ದ. ಬಂದವರೆಲ್ಲ ಹೋದ ಮೇಲೆ ಸಂಜೆ ಮರಳುತ್ತಿದ್ದ. ಇಡೀ ದಿನ ಬಂಡೆಯ ಮೇಲೆ ಬಿಸಿಲು. ಒಮ್ಮೆ ಒಬ್ಬ ತನ್ನ ಹೆಂಡತಿಗೆ, ನೋಡು, ಹಳೇ ಕಾಲದ ಮೀನುಗಾರ, ಎಂದು ಅಪ್ಪನನ್ನು ತೋರಿಸುತ್ತಿದ್ದುದನ್ನು ನಾನೇ ಕೇಳಿದೆ. ಅಪ್ಪನಿಗೆ ಆಗ ಐವತ್ತೂ ಆಗಿರಲಿಲ್ಲ. ನನಗೆ ಅವರ ತಿಂಡಿಯ ಡಬ್ಬಿಯನ್ನು ಹೊಳೆಗೆ ಎಸೆಯಬೇಕು ಎನಿಸಿತ್ತು.

ಬೂಟುಗಾಲಿನವರು ತುಳಿದು ತುಳಿದು ಪುಂಡಿಯ ಹಗ್ಗ ಬೇಗ ಎಳೆಎಳೆಯಾಗತೊಡಗಿತು. ನಮ್ಮ ಮೀನು ಒಯ್ಯುತ್ತಿದ್ದವರು ರಾಯಚೂರು ಮಾರ್ಕೆಟ್ಟಿನ ಒಬ್ಬ ಸಾಬರು, ಕೇರಿಯವರೆಲ್ಲ ಭಾಯಿ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ. ಅವರೇ ಒಂದು ದೀಪಾವಳಿಗೆ ಲಾರಿಗೆ ಕಟ್ಟುವಂಥ ದಪ್ಪ ನೈಲಾನ್ ಹಗ್ಗ ತಂದುಕೊಟ್ಟರು. ಕಟ್ಟಿಸುವಾಗ ನಿಂತು ಎಲ್ಲರಿಗೂ ಹೇಳಿದರಂತೆ: "ಇದಕ್ಕ ನೀರು ಗೀರು ನಕ್ಕೋ, ಬ್ಯಾಡ. ಇದು ಕುಡ್ಯಾಂಗಿಲ್ಲ. ಮ್ಯಾಲ ನೀರು ನಿಂತ್ರ ಜಾರ್ತದ, ಹುಷಾರ್."

ಎಲ್ಲರೂ ಕೇಳಿದರು. ನಾನು ಕೇಳಲಿಲ್ಲ. ನಾನು ಆಗ ರಾಯಚೂರಿನಲ್ಲಿ ಟೀಚರ್ ಟ್ರೇನಿಂಗಿಗೆ ಸೇರಿದ್ದೆ, ಹಾಸ್ಟೆಲ್ಲಿನಲ್ಲಿದ್ದೆ.

ಸಂಕ್ರಾಂತಿಯ ಹಿಂದಿನ ದಿನ ಸಂಜೆ ಊರಿಗೆ ಬಂದೆ. ಅವ್ವ ಮರುದಿನದ ವ್ಯಾಪಾರಕ್ಕೆ ಮೆಣಸಿನಕಾಯಿ ಸೀಳುತ್ತಿದ್ದಳು, ನಾನೂ ಕೂತು ಸೀಳಿದೆ. ಅಪ್ಪ ಟ್ರೇನಿಂಗ್ ಬಗ್ಗೆ ಕೇಳಿದ. ಹಗ್ಗದ ಮಾತು ಯಾರೂ ಎತ್ತಲಿಲ್ಲ. ಎತ್ತಲು ಏನಿತ್ತು, ಅವರಿಗೆ ಅದು ಎರಡು ತಿಂಗಳ ಹಳೆಯ ಸುದ್ದಿ.

ಬೆಳಿಗ್ಗೆ ನನಗೆ ಎಲ್ಲರಿಗಿಂತ ಮೊದಲು ಎಚ್ಚರವಾಯಿತು. ಕೊಡ ತೆಗೆದುಕೊಂಡು ಹೊಳೆಗೆ ಹೋದೆ. ಹೊಸ ಹಗ್ಗ ಕಂಡಿತು. ಹಸಿರು ಬಣ್ಣ, ಕೈಗೆ ನುಣ್ಣಗೆ ಹತ್ತಿತು. ಹೊಸ ನಮೂನೆಯ ಹಗ್ಗ ಎಂದುಕೊಂಡೆನೇ ಹೊರತು ನೀರು ಬೇಡದ ಹಗ್ಗವೂ ಇರುತ್ತದೆ ಎಂದು ಹೊಳೆಯಲೇ ಇಲ್ಲ. ಹಬ್ಬದ ದಿನ, ಅಪ್ಪ ದಾಟುತ್ತಾನೆ, ತಂಪು ಸೋಕಲಿ, ಎಷ್ಟು ದಿನವಾಯಿತು ಅವನ ಆ ಮಾತು ಕೇಳಿ ಎಂದುಕೊಂಡು ಮೂರು ಕೊಡದ ಬದಲು ನಾಲ್ಕು ಕೊಡ ಹಾಕಿದೆ. ನೀರು ಒಳಗೆ ಇಂಗದೆ ಮೇಲಿಂದಲೇ ಹರಿದು ಹೋಯಿತು. ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ.

ಅಷ್ಟರಲ್ಲಿ ಅವ್ವನ ಹಿಂದೆ ಅಪ್ಪ ಬಂದ. ನಾನು ಇನ್ನೂ ಒಂದಿರಲಿ ಎಂದು ಐದನೆಯ ಕೊಡಕ್ಕೆ ನೀರಿಗೆ ಇಳಿದಿದ್ದೆ. ಅವ್ವ ಎಂದಿನಂತೆ ಕೂತು ಕೈಹಗ್ಗಕ್ಕೆ ಅಂಗೈ ಇಟ್ಟಳು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಹಗ್ಗ ಒದ್ದೆಯಾದದ್ದು ಅವಳಿಗೆ ಕಾಣಲಿಲ್ಲ. ಅಪ್ಪ ಏಳೆಂಟು ಹೆಜ್ಜೆ ಹೋಗಿದ್ದಾನೆ, ಇಳಿಜಾರಿನ ಜಾಗ, ಕಾಲು ಜಾರಿತು. ನೀರಿಗೆ ಬಿದ್ದಿದ್ದರೆ ಈಜಿಬಿಡುತ್ತಿದ್ದ. ಬಿದ್ದದ್ದು ದಂಡೆಯ ಬಂಡೆಗಳ ಮೇಲೆ. ಅವ್ವ ಕೂಗಲಿಲ್ಲ. ಹಗ್ಗ ನಿಂತುಹೋದ ಮೇಲೂ ಅವಳ ಕೈ ಅದರ ಮೇಲೆಯೇ ಇತ್ತು. ಆಮೇಲೆ ಅವಳು ತಿರುಗಿ ನನ್ನನ್ನು, ನನ್ನ ಕೈಯ ಕೊಡವನ್ನು, ಗಂಟಿನ ಕೆಳಗಿನ ಹಸಿ ನೆಲವನ್ನು ನೋಡಿದಳು. ಜನ ಓಡಿ ಬರುವಷ್ಟರಲ್ಲಿ ಕಾಲಿನಿಂದ ಒಣ ಮರಳು ಎಳೆದು ಆ ಹಸಿಯ ಮೇಲೆ ಹಾಕಿದಳು. "ಕೊಡ ಮನಿಗಿ ಒಯ್ಯಿ," ಎಂದಳು. ಅಷ್ಟೇ. ಸಾಯುವವರೆಗೂ ಆ ವಿಷಯದಲ್ಲಿ ಅವ್ವ ನನಗೆ ಹೇಳಿದ ಮಾತು ಅದೊಂದೇ.

ಭಾಯಿಯ ಟೆಂಪೋದಲ್ಲಿ ರಾಯಚೂರಿಗೆ ಒಯ್ದೆವು. ತೊಡೆಯ ಎಲುಬು ಮುರಿದಿತ್ತು. ಕಾಲು ನೋಡಿದ ಡಾಕ್ಟರು ಕಣ್ಣನ್ನೂ ನೋಡಿದರು. ಪೊರೆಯಲ್ಲ, ಕಣ್ಣಿನ ನರವೇ ಒಣಗಿದೆ, ವರ್ಷಗಳಿಂದ ಇವರಿಗೆ ಕಾಣುತ್ತಿಲ್ಲ, ಇನ್ನು ಬರುವುದೂ ಇಲ್ಲ ಎಂದರು. ನಮ್ಮ ಜೊತೆ ಬಂದಿದ್ದ ಕೇರಿಯ ಹಿರಿಯರು ಅಲ್ಲೇ ನಿಂತಿದ್ದರು. ಅವರ ಮುಖ ಬದಲಾಯಿತು.

"ಕಣ್ಣು ಕಾಣದಾಂವ ನಮ್ಮೆಲ್ಲರ ಮುಂದ ದಾಟಿ ಕೂಗಿದಿ," ಎಂದರು ಅಪ್ಪನಿಗೆ. "ಬಿದ್ದಿ. ಇನ್ನೇನಾಗ್ತದ. ಜಾಗ ಬಿಡಪ್ಪಾ, ಸಾಕು."

ಅಪ್ಪ, "ಹೂಂ, ಕಣ್ಣಿಂದಲೇ ಬಿದ್ದೆ," ಎಂದ.

ನಾನು ಮಂಚದ ಕಾಲಿನ ಹತ್ತಿರ ನಿಂತಿದ್ದೆ. ಕಣ್ಣಿಂದಲ್ಲ, ನಾಲ್ಕು ವರ್ಷ ಈ ಕಣ್ಣಿನಲ್ಲೇ ಒಂದು ಹೆಜ್ಜೆ ತಪ್ಪದೆ ದಾಟಿದ್ದಾನೆ, ಹಗ್ಗಕ್ಕೆ ನೀರು ಹಾಕಿದವಳು ನಾನು ಎಂದು ಹೇಳಬೇಕಿತ್ತು. ಹೇಳಿದ್ದರೆ, ಕಾಲು ಕೂಡಿದ ಮೇಲೆ ಮುಂದಿನ ದೀಪಾವಳಿಗೆ ಒಂದು ಸಲ ದಾಟಲಿ ನೋಡೋಣ ಎನ್ನುತ್ತಿದ್ದರೋ ಏನೋ. ನಾನು ಹೇಳಲಿಲ್ಲ. ಹೆದರಿದೆ. ಅದಕ್ಕಿಂತ ಒಳ್ಳೆಯ ಕಾರಣ ಹುಡುಕಿ ಹುಡುಕಿ ಈಗ ನನಗೇ ಸಾಕಾಗಿದೆ. ಜಾಗ ಪಕ್ಕದ ಮನೆಗೆ ಹೋಯಿತು. ನಾನು ಟ್ರೇನಿಂಗ್ ಮುಗಿಸಿದೆ, ಮಾನ್ವಿಯಲ್ಲಿ ನೌಕರಿ ಸಿಕ್ಕಿತು. ಎಲ್ಲರೂ ನನಗೆ ಅದೃಷ್ಟವಂತೆ ಎಂದರು.

ಅಪ್ಪನ ಕಾಲು ಸೊಟ್ಟಗೆ ಕೂಡಿತು. ಮನೆಯಲ್ಲಿ ಕೂರಲಾರದೆ ಅವನು ಹೋಗಿ ಹಗ್ಗದ ಬುಡದಲ್ಲಿ, ಅವ್ವ ಕೂರುತ್ತಿದ್ದ ಕಲ್ಲಿನ ಮೇಲೆ ಕೂತ. ಕೈಹಗ್ಗದ ಮೇಲೆ ಅಂಗೈ ಇಟ್ಟು, ಒಬ್ಬರು ಆಚೆ ಮುಟ್ಟುವವರೆಗೆ ಇನ್ನೊಬ್ಬರನ್ನು ಬಿಡದೆ ತಡೆಯುತ್ತಿದ್ದ. ಕೇರಿಯವರಿಗೂ ಅದು ಒಳ್ಳೆಯದೇ ಆಯಿತು. ಅಷ್ಟು ಹೊತ್ತಿಗೆ ಬಲೆ ಕಟ್ಟಲು ದಾಟುವವರಿಗಿಂತ ಫೋಟೋ ತೆಗೆಸಿಕೊಳ್ಳಲು ದಾಟುವವರೇ ಹೆಚ್ಚಾಗಿದ್ದರು. ನಾನು ರಜೆಗೆ ಹೋಗುತ್ತಿದ್ದೆ, ಅಪ್ಪನಿಗೆ ಬುತ್ತಿ ಕೊಡಲು ಆ ಕಲ್ಲಿನವರೆಗೆ ಹೋಗುತ್ತಿದ್ದೆ. ಹಗ್ಗ ಮುಟ್ಟುತ್ತಿರಲಿಲ್ಲ. ಅವ್ವ ತೀರಿಕೊಂಡ ವರ್ಷವೂ ಮುಟ್ಟಲಿಲ್ಲ. ಮಾನ್ವಿಗೆ ಬಂದುಬಿಡು ಎಂದು ಅಪ್ಪನನ್ನು ಕರೆದೆ. "ಇಲ್ಲಿ ಕೆಲಸ ಅದ," ಎಂದ.

ಪಿಕ್ನಿಕ್ ದಿನ ತಲೆನೋವು ಎಂದು ಉಳಿದುಬಿಡಬೇಕು ಎಂದುಕೊಂಡಿದ್ದೆ. ಗಣಿತದ ಟೀಚರು ಮನೆಗೇ ಬಂದು ಎಳೆದುಕೊಂಡು ಹೋದರು. ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡಿದರು. ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದೆ. ಇಳಿದು ನೋಡಿದರೆ ದಂಡೆಯ ತುಂಬ ಜನ. ಅವ್ವನ ಒಲೆಯ ಜಾಗದಲ್ಲಿ ಬೇರೆ ಯಾರದೋ ಒಲೆ. ಕಲ್ಲಿನ ಮೇಲೆ ಅಪ್ಪ, ಒಂದು ಕೈ ಹಗ್ಗದ ಮೇಲೆ, ಮುಖ ಹೊಳೆಯ ಕಡೆ. ಹೆಗಲ ಮೇಲಿನ ಟವೆಲು ಒದ್ದೆಯಾಗಿತ್ತು.

ನಮ್ಮವರೆಲ್ಲ ಸಾಲಿನಲ್ಲಿ ನಿಂತರು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಅಪ್ಪನಿಗೆ ಗುರುತು ಸಿಗುತ್ತದೆ, ಮಗಳು ಪರ ಊರಿನವರಂತೆ ನೋಡಲು ಬಂದಿದ್ದಾಳೆ ಎಂದು ತಿಳಿಯುತ್ತದೆ. ಇಷ್ಟು ಸಣ್ಣತನ ನನ್ನಲ್ಲಿದೆ ಎಂದು ಅವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. ಒಬ್ಬೊಬ್ಬರೇ ಹೋದರು, ಕಿರುಚಿದರು, ಬಂದರು. ಗಣಿತದ ಟೀಚರು ಹಿಂದಿನಿಂದ ನನ್ನನ್ನು ಮುಂದೆ ತಳ್ಳಿದರು. ಚಪ್ಪಲಿ ಬಿಟ್ಟೆ. ಕಾಲಿಡುವ ಮೊದಲು ಕೈ ತಾನಾಗಿ ಹೋಗಿ ಅಪ್ಪನ ಪಾದಕ್ಕೆ ತಾಗಿದ್ದ ಕಾಲುಹಗ್ಗದ ಗಂಟನ್ನು ಮುಟ್ಟಿ ನೋಡಿತು, ಹಸಿಯೋ ಒಣವೋ ಎಂದು.

"ಒಣಗೇದ, ಯವ್ವಾ," ಎಂದ ಅಪ್ಪ, ಮೆಲ್ಲಗೆ.

ನಾನು ಬಗ್ಗಿದವಳು ಹಾಗೇ ಉಳಿದೆ.

"ಬಂದ ಮಂದಿ ಹಗ್ಗ ಜಗ್ಗಿ ನೋಡ್ತಾರ. ಗಂಟು ಮುಟ್ಟಿ ನೋಡಾಕಿ ನೀನೊಬ್ಬಾಕಿ," ಎಂದ. "ಮುಂಜಾನಿ ಮಂಜು ಬಿದ್ದಿತ್ತು. ನಾನೇ ಒರಿಸೀನಿ. ದಿನಾ ಒರಿಸ್ತೀನಿ. ಅಂಜಬ್ಯಾಡ, ಹೋಗು."

ನಾನು ಅಲ್ಲೇ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಹಿಂದೆ ಜನ ಗುಜುಗುಜು ಎನ್ನುತ್ತಿದ್ದರು.

"ಯಪ್ಪಾ, ಆವತ್ತು ನೀರು ಹಾಕಿದ್ದು…"

"ಕಾಲಿಗಿ ಗೊತ್ತಾಗಂಗಿಲ್ಲೇನು," ಎಂದ. "ತಂಪು ಹತ್ತಿತು. ಕುಡಿಸ್ಯಾಳ ನನ್ನ ಮಗಳು, ಪಟ್ಟಣಕ ಹೋದ್ರೂ ಮರ್ತಿಲ್ಲ ಅಂದುಕೊಂಡೆ. ಅನ್ನೂದ್ರಾಗ ಜಾರ್ತು."

"ಮತ್ತ ಕಣ್ಣಿಂದ ಬಿದ್ದೆ ಅಂತ ಯಾಕ ಹೇಳಿದಿ? ಜಾಗ ಹೋತಲ್ಲ."

ಸೀಳಿನ ಆಚೆ ನಮ್ಮ ಮೇಷ್ಟ್ರೊಬ್ಬರು ಬಂಡೆಯ ಮೇಲೆ ನಿಂತು, ಹಿಂದೆ ಅಪ್ಪ ಕೂಗುತ್ತಿದ್ದ ಜಾಗದಲ್ಲೇ, ಫೋಟೋಕ್ಕೆಂದು ಕೈ ಎತ್ತಿದ್ದರು.

"ಜಾಗ ಹೆಂಗಿದ್ರೂ ಹೋಗೂದೇ ಇತ್ತು. ನೀ ಕಲಿಯಾಕ ಹೊಂಟಾಕಿ. ಅಪ್ಪನ್ನ ಕೆಡವಿದಾಕಿ ಅಂತ ಕೇರ್ಯಾಗ ಹೆಸರು ಹೊತಗೊಂಡು ಹೆಂಗ ಹೋಗ್ತಿದ್ದಿ?" ಎಂದು ಹಗ್ಗದ ಮೇಲಿನ ಕೈ ಸರಿಪಡಿಸಿಕೊಂಡ. "ನಡಿ, ಹಿಂದ ಮಂದಿ ನಿಂತಾರ."

ನಾನು ಎದ್ದೆ. ಗಣಿತದ ಟೀಚರು ನನ್ನ ಕಿವಿಯ ಹತ್ತಿರ ಬಂದು, "ಏನಂತರೀ ಆ ಯಜ್ಜ? ನಿಮಗ ಗುರುತೇನು?" ಎಂದು ಕೇಳಿದರು.

"ನಮ್ಮಪ್ಪರಿ," ಎಂದೆ. ಆಮೇಲೆ ಹಗ್ಗದ ಮೇಲೆ ಕಾಲಿಟ್ಟೆ. ಒಣಗಿತ್ತು.